ಹೆಸರು ಅಳಿಸಿದ ಅಕ್ಷರಗಳು

ಕಳೆದ ತಿಂಗಳು ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಮೊಬೈಲು ತೆಗೆದು ಕನ್ನಡ ಸುದ್ದಿಯ ಪುಟವೊಂದನ್ನು ತೆರೆದೆ. ಅಕ್ಷರಗಳು ಇಳಿದು ಬರುವ ಮುಂಚೆ ಒಂದು ಗಳಿಗೆ ಪರದೆಯ ತುಂಬ ಖಾಲಿ ಚೌಕಗಳು ಸಾಲಾಗಿ ನಿಂತವು. ಮರುಗಳಿಗೆ ಎಲ್ಲ ಸರಿಯಾಯಿತು. ನನಗೆ ಮಾತ್ರ ಓದಲಾಗಲಿಲ್ಲ. ಕುರುಗೋಡು ದಾಟುವಾಗ ಹನಿ ಬಿದ್ದು ನೆಲದಿಂದ ಕಬ್ಬಿಣದಂಥ ವಾಸನೆ ಎದ್ದಿತ್ತು. ಅದಿರಿನ ಲಾರಿಗಳು ನಿಂತು ಇಷ್ಟು ವರ್ಷವಾದರೂ ದಾರಿಯ ಬದಿಯ ಮಣ್ಣು ಅಲ್ಲಲ್ಲಿ ಇನ್ನೂ ಕೆಂಪಗೇ ಇದೆ. ಆ ಚೌಕಗಳು, ಆ ವಾಸನೆ, ಎರಡೂ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಒಂದೇ ಬೇಸಿಗೆ.

ಆಗ ನನಗೆ ಇಪ್ಪತ್ತೆರಡು. ಗಣಿ ಜೋರಾಗಿದ್ದ ಕಾಲ. ಮನೆ ಕುರುಗೋಡಿನಲ್ಲಿ. ಅಬ್ಬಾ ಅದಿರಿನ ಲಾರಿಗಳಿಗೆ ತಾಡಪಾಲು ಹೊಲಿಯುತ್ತಿದ್ದರು. ನಾನು ದಿನವೂ ಬಳ್ಳಾರಿಗೆ ಹೋಗಿ ಬಸಣ್ಣನ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಮದುವೆ ಕಾರ್ಡು, ಕರಪತ್ರ, ಶ್ರದ್ಧಾಂಜಲಿಯ ಬ್ಯಾನರು, ಎಲ್ಲ. ಬಸಣ್ಣನಿಗೆ ಫೋಟೋ ತೆಗೆಯುವ ಹುಚ್ಚೂ ಇತ್ತು, ಸುಮ್ಮನಿರಲಾರದ ಬಾಯಿಯೂ ಇತ್ತು. ಎರಡನ್ನೂ ಸೇರಿಸಿ ಅವನೊಂದು ವೆಬ್‌ಸೈಟು ಶುರುಮಾಡಿದ್ದ. ಅದರಲ್ಲಿ ಇರುತ್ತಿದ್ದುದು ಒಂದೇ ವಿಷಯ: ನಮ್ಮ ಕಡೆಯ ರಸ್ತೆಗಳಲ್ಲಿ ಯಾವ ಲಾರಿ ಯಾರಿಗೆ ಗುದ್ದಿತು, ಎಲ್ಲಿ, ಯಾವಾಗ, ಫೋಟೋ ಸಮೇತ. ಚೆಕ್‌ಪೋಸ್ಟು ತಪ್ಪಿಸಿ ಒಳದಾರಿ ಹಿಡಿದ ಲಾರಿಗಳು ಕುರುಗೋಡು, ಸಿರಿಗೇರಿಗಳ ಮೇಲೆ ಹಾಯುತ್ತಿದ್ದುದರಿಂದ ಬರೆಯುವುದಕ್ಕೆ ಬರವಿರಲಿಲ್ಲ.

ಆ ವೆಬ್‌ಸೈಟಿನ ಅಕ್ಷರ ಎಲ್ಲರಿಗೂ ಸರಿಯಾಗಿ ಕಾಣುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆಗ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡದ ಫಾಂಟೇ ಇರುತ್ತಿರಲಿಲ್ಲ. ಪುಟದ ಜೊತೆಗೇ ಫಾಂಟನ್ನೂ ಕಳಿಸಿ ಓದುವವರ ಪರದೆಯ ಮೇಲೆ ಅಕ್ಷರ ಮೂಡಿಸುವ ವಿಧಾನ ಬಂದಿತ್ತು. ಬಸಣ್ಣ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಫಾಂಟೊಂದನ್ನು ಇಳಿಸಿ ಹಾಕಿದ್ದ. ಗಟ್ಟಿಮುಟ್ಟಾದ ಅಕ್ಷರ; ತಲೆಕಟ್ಟು ಅಗಲ, ಒತ್ತು ಕೆಳಗೆ ಬಿಗಿಯಾಗಿ ಕೂರುತ್ತಿತ್ತು.

ಆ ಬೇಸಿಗೆಯ ಡೈರಿಯ ಪುಟಗಳನ್ನು ನಾನು ನಡುವೆ ಗೆರೆ ಎಳೆದು ಎರಡು ಮಾಡಿದ್ದೇನೆ. ಎಡಗಡೆ ಫಾಂಟಿನ ದೂರುಗಳು. ಸಿರುಗುಪ್ಪದ ನೆಟ್ ಸೆಂಟರಿನಲ್ಲಿ ಬರೀ ಚೌಕ ಕಾಣುತ್ತಿವೆ: ಸರ್ವರು ಫಾಂಟಿನ ಫೈಲನ್ನು ಬೇರೇನೋ ಎಂದು ಹೇಳಿ ಕಳಿಸುತ್ತಿತ್ತು, ತಿದ್ದಿದೆ. ವಿಳಾಸದ ಮುಂದೆ ಮೂರು ಡಬ್ಲ್ಯು ಹಾಕಿದರೆ ಅಕ್ಷರ ಬರುತ್ತದೆ, ಬಿಟ್ಟರೆ ಬರುವುದಿಲ್ಲ: ಫಾಂಟನ್ನು ಒಂದೇ ವಿಳಾಸಕ್ಕೆ ಕಟ್ಟಿಹಾಕಲಾಗಿತ್ತು, ಎರಡಕ್ಕೂ ಬಿಚ್ಚಿದೆ. ಹಳೆಯ ಬ್ರೌಸರಿನಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ: ಏನೂ ಮಾಡಲಾಗಲಿಲ್ಲ. ಬಲಗಡೆ ದಾರಿಯ ಪೆಟ್ಟುಗಳು. ಸಿರಿಗೇರಿ ಕ್ರಾಸಿನಲ್ಲಿ ಹಾಲಿನವನ ಕಾಲು ಹೋಯಿತು. ಕರೂರಿನಿಂದ ಭತ್ತದ ಕೊಯ್ಲಿಗೆ ಹೊರಟಿದ್ದ ಹೆಂಗಸರ ಟಂಟಂ ಆಟೋ ಮಗುಚಿತು. ಎಡಗಡೆಯವನ್ನು ಸರಿಮಾಡಿದ ಮೇಲೆ ಅಡ್ಡಗೆರೆ ಹೊಡೆಯುತ್ತಿದ್ದೆ. ಬಲಗಡೆ ಹೊಡೆಯುವಂಥದ್ದೇನೂ ಇರಲಿಲ್ಲ.

ಯುಗಾದಿ ಮುಗಿದ ವಾರ, ಮಂಗಳವಾರ ಬೆಳಿಗ್ಗೆ, ಬಲಗಡೆಯ ಸಾಲಿನಲ್ಲಿ ರೇಣುಕಾ ಬಂದಳು.

ರೇಣುಕಾ ನಮ್ಮ ಓಣಿಯ ಈರಮ್ಮನ ಮಗಳು. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವ ಕೆಲಸ. ನಾವಿಬ್ಬರೂ ಒಂದೇ ಬಸ್ಸು, ಒಂದೇ ಸೀಟು. ಅಂದು ಬಸಣ್ಣ ಕುರುಗೋಡಿಗೇ ಬಂದಿದ್ದ. ಯಾರದೋ ಗೃಹಪ್ರವೇಶದ ಫೋಟೋ ತೆಗೆಯುವುದಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ರೇಣುಕಾ ರಸ್ತೆ ದಾಟಿ ನನ್ನ ಕಡೆಗೆ ಬರುತ್ತಿದ್ದಳು. "ಲೇ ಶಮೀಮ್, ಸೀಟು ಹಿಡಿ," ಅಂದಳು. ಅಷ್ಟೇ. ಲಾರಿಯ ಮುಂದಿನ ಗಾಲಿ ಅವಳನ್ನು ಕೆಡವಿತು, ಹಿಂದಿನದು ಹತ್ತಿ ಇಳಿಯಿತು. ಲಾರಿ ನಿಲ್ಲಲಿಲ್ಲ. ಬಸಣ್ಣ ಚಹಾದ ಲೋಟ ಕೈಬಿಟ್ಟು, ಓಡುತ್ತಿದ್ದ ಲಾರಿಯ ಬೆನ್ನಿಗೆ ಕ್ಯಾಮೆರಾ ಹಿಡಿದದ್ದು ನನಗೆ ಕಾಣಿಸಿತು. ನಾನು ರೇಣುಕಾಳ ಕಡೆ ನೋಡಲಿಲ್ಲ. ಒಮ್ಮೆ ನೋಡಿದೆ, ಆಮೇಲೆ ನೋಡಲಿಲ್ಲ.

ಜನ ಕೂಡುವಷ್ಟರಲ್ಲಿ ಆ ಲಾರಿ ಊರು ದಾಟಿತ್ತು. ಹಿಂದೆ ಇನ್ನೊಂದು ಬಂತು. ಅದನ್ನು ನಿಲ್ಲಿಸಿದರು. ಡ್ರೈವರನ ಅಂಗಿ ಹಿಡಿದು ಕೆಳಗೆಳೆದರು. ಅವನು, "ನಾನಲ್ರಿ, ನಾನೀಗ ಬಂದೀನ್ರಿ," ಅನ್ನುತ್ತಲೇ ಇದ್ದ. ಕಟ್ಟಿಗೆ, ಕಲ್ಲು, ಚಪ್ಪಲಿ. ಹೊಡೆದವರೆಲ್ಲ ನನಗೆ ಗೊತ್ತಿದ್ದವರೇ; ಕಿರಾಣಿ ಅಂಗಡಿಯವರು, ನಮ್ಮ ಪಕ್ಕದ ಮನೆಯ ಚಾಚಾ, ನನ್ನ ಜೊತೆ ಸಾಲೆಯಲ್ಲಿ ಓದಿದವರು. ಅವನ ದವಡೆ ಮುರಿದು ಮಾತು ನಿಂತ ಮೇಲೆ ಲಾರಿಗೆ ಬೆಂಕಿ ಹಚ್ಚಿದರು. ಅಬ್ಬಾ ಹೊಲಿದ ತಾಡಪಾಲಿರಬೇಕು, ಹೊಗೆ ಕಪ್ಪಗೆ ಬಹಳ ಹೊತ್ತು ಎದ್ದಿತು. ಡೈರಿಯ ಬಲಗಡೆ ಆ ದಿನ ಎರಡು ಸಾಲುಗಳಿವೆ.

ಪೊಲೀಸರು 'ಯಾವುದೋ ಅಪರಿಚಿತ ವಾಹನ' ಎಂದು ಬರೆದುಕೊಂಡರು. ಬಸಣ್ಣ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ. ನಂಬರ್ ಪ್ಲೇಟಿಗೆ ಬೇಕೆಂದೇ ಕೆಸರು ಬಳಿದಿದ್ದರು. ಆದರೂ ಕೆಸರಿನ ಕೆಳಗಿನ ಅಂಕಿಗಳು ಒಂದೊಂದಾಗಿ ಕಂಡವು. ಲಾರಿ ಓಬಳೇಶ ಅನ್ನುವ ಸಾವ್ಕಾರನದು. ಬಳ್ಳಾರಿಯ ಹೊರಗೆ ಅದಿರು ರಾಶಿ ಹಾಕುವ ದೊಡ್ಡ ಯಾರ್ಡು ಅವನದು. ವೆಬ್‌ಸೈಟಿನಲ್ಲಿ ಅವನ ಹೆಸರು ಬರೆದು, ಸಣ್ಣದು ಮಾಡಿದ ಫೋಟೋ ಹಾಕಿದೆವು. ಸಣ್ಣದರಲ್ಲಿ ಅಂಕಿ ಓದಲಾಗುತ್ತಿರಲಿಲ್ಲ. ಈರಮ್ಮನ ಪರವಾಗಿ ಕೇಸು ಹಾಕಲು ಒಪ್ಪಿದ ವಕೀಲರು, "ಮೂಲ ಫೋಟೋ ತಂದುಕೊಡ್ರಿ. ಅದಿಲ್ಲಂದ್ರ ಆ ಲಾರಿಗೂ ಈ ಸಾವಿಗೂ ಸಂಬಂಧ ಇಲ್ಲಂತಾರ," ಅಂದರು. ನಾನು ಎರಡು ಸಿಡಿಗಳಿಗೆ ನಕಲು ಮಾಡಿ ಡ್ರಾಯರಿನಲ್ಲಿಟ್ಟೆ. ಮರುದಿನ ವಕೀಲರಿಗೆ ಒಯ್ಯುವುದೆಂದು ಡೈರಿಯಲ್ಲಿ ಗುರುತೂ ಹಾಕಿದೆ.

ಮರುದಿನ ನಾನು ಅಂಗಡಿ ಸೇರುವ ಮುಂಚೆಯೇ ಅವರು ಬಂದಿದ್ದರು. ನಾಲ್ವರು. ಒಬ್ಬನ ಕೈಯಲ್ಲಿ ಲಾರಿಯ ಗಾಲಿ ಬಿಚ್ಚುವ ಉದ್ದನೆಯ ಪಾನಾ. ನಾನು ಬಾಗಿಲಿಗೆ ಬಂದಾಗ ಬಸಣ್ಣನ ಬಲಗೈಯನ್ನು ಮೇಜಿನ ಮೇಲೆ ಹಿಡಿದಿಟ್ಟಿದ್ದರು.

"ಯಾವ ಬೆರಳಿಲೆ ಬಟನ್ ಒತ್ತಿದಿ?" ಪಾನಾದವನು ಕೇಳಿದ.

ಬಸಣ್ಣ ಬೆರಳುಗಳನ್ನು ಮುಷ್ಟಿ ಮಾಡಲು ನೋಡಿದ.

"ಹೇಳ್ಲಿಲ್ಲಂದ್ರ ಎಲ್ಲಾ ತಗೋಬೇಕಾಕ್ಕತಿ ನೋಡು."

ಎಲ್ಲಾ ತೆಗೆದುಕೊಂಡರು. ಆ ಸದ್ದನ್ನು ನಾನು ಬರೆಯುವುದಿಲ್ಲ. ಆಮೇಲೆ ಕ್ಯಾಮೆರಾ ನೆಲಕ್ಕೆ ಬಡಿದರು, ಡ್ರಾಯರು ಕಿತ್ತು ಸಿಡಿಗಳನ್ನೆಲ್ಲ ಕಾಲಿನಿಂದ ತುಳಿದು ಪುಡಿಮಾಡಿದರು, ಕಂಪ್ಯೂಟರಿನ ಪರದೆಯನ್ನು ಪಾನಾದಿಂದ ಒಡೆದು ಒಳಗಿನ ಗಾಜನ್ನೂ ಜಜ್ಜಿದರು. "ಹೋತು ಇವನ ಫೋಟೋ," ಎಂದು ಒಬ್ಬ ನಕ್ಕ. ಫೋಟೋ ಪರದೆಯೊಳಗೇ ಇರುತ್ತದೆಂದು ಅವರು ತಿಳಿದಿದ್ದರು. ಅದು ನಿಜವಾಗಿ ಇದ್ದ ಸಿಪಿಯು ಪೆಟ್ಟಿಗೆ ಮೇಜಿನ ಕೆಳಗೆ, ಕಾಗದದ ರೀಮುಗಳ ಮಗ್ಗುಲಲ್ಲಿ ಸುಮ್ಮನೆ ಕೂತಿತ್ತು.

ಆಸ್ಪತ್ರೆಯಲ್ಲಿ ಬಸಣ್ಣನ ಕೈಗೆ ಮೊಣಕೈವರೆಗೆ ಪಟ್ಟಿ ಹಾಕಿದರು. ಎಚ್ಚರವಾದ ಮೇಲೆ ಅವನು ಕೇಳಿದ ಮೊದಲ ಮಾತು, "ಡಬ್ಬಿ ಐತೇನು?"

"ಐತಿ ಅಣ್ಣಾ."

"ಹಂಗಾರ ಎಡಗೈ ಸಾಕು ಬಿಡು."

ಹೊಸ ಪರದೆ ತರಲು ಒಂದು ವಾರ ಬೇಕಾಯಿತು; ಅಲ್ಲಿಯವರೆಗೆ ಪೆಟ್ಟಿಗೆಯನ್ನು ಅಂಗಡಿಯಿಂದ ಹೊರಗೆ ಒಯ್ಯಲು ಧೈರ್ಯವಾಗಲಿಲ್ಲ. ಅದು ಬಂದ ದಿನವೇ, ಇನ್ನೂ ವೈರು ಸಿಕ್ಕಿಸುತ್ತಿರುವಾಗ, ಪೊಲೀಸರು ಬಂದರು. ಇವರು ಏನನ್ನೂ ಒಡೆಯಲಿಲ್ಲ. ಒಂದು ದೂರಿನ ಪ್ರತಿ ಕೊಟ್ಟು, ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಎಳೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಅರಗು ಹಚ್ಚಿದರು.

"ಏನಂತ್ರಿ ದೂರು?" ಬಸಣ್ಣ ಕೇಳಿದ.

"ಅಕ್ಷರ ಕದ್ದೀರಂತ," ಅಂದ ಪೇದೆ. ಅವನಿಗೂ ನಗು ಬಂದಿತ್ತು. "ನಮಗೂ ಇದು ಹೊಸಾದು ನೋಡ್ರಿ. ಅಕ್ಕಿ ಕಳವು ನೋಡೀವಿ, ಅದಿರು ಕಳವು ನೋಡೀವಿ."

ನಾನು ಬಸ್ಸಿನಲ್ಲಿ ದೂರನ್ನು ಮೂರು ಸಲ ಓದಿದೆ. ವೆಬ್‌ಸೈಟಿನ ಫಾಂಟನ್ನು ಮಾಡಿದವನು ಸಿರುಗುಪ್ಪದ ಮಲ್ಲಿಕಾರ್ಜುನ ಎಂಬವನು. ಫಾಂಟನ್ನು ಅವನು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ. ವೆಬ್‌ಸೈಟಿಗೆ ಹಾಕಬಹುದು, ಬೇಕಾದ ಹಾಗೆ ತಿದ್ದಬಹುದು, ವ್ಯಾಪಾರಕ್ಕೂ ಬಳಸಬಹುದು. ಷರತ್ತು ಒಂದೇ: ಮಾಡಿದವನ ಹೆಸರನ್ನೂ ಆ ಪರವಾನಗಿಯ ಕಾಗದವನ್ನೂ ಫಾಂಟಿನ ಜೊತೆಗೇ ಇಟ್ಟಿರಬೇಕು. ತೆಗೆದರೆ ಪರವಾನಗಿ ಸತ್ತ ಹಾಗೆ. ನಮ್ಮ ಫಾಂಟಿನೊಳಗೆ ಆ ಹೆಸರೂ ಇರಲಿಲ್ಲ, ಕಾಗದವೂ ಇರಲಿಲ್ಲ. ಮಾಡಿದವರು ಎಂಬಲ್ಲಿ ಬಸಣ್ಣನ ಅಂಗಡಿಯ ಹೆಸರಿತ್ತು.

ಅದು ನಮ್ಮ ಅಂಗಡಿಸಾಲಿನ ರೂಢಿ. ಪಕ್ಕದ ಅಂಗಡಿಯವರು ಫಾಂಟು ಕದ್ದೊಯ್ಯುತ್ತಾರೆಂದು ಪ್ರತಿಯೊಬ್ಬರೂ ತಮ್ಮಲ್ಲಿದ್ದ ಫಾಂಟುಗಳ ಒಳಗಿನ ಹೆಸರನ್ನು ಅಳಿಸಿ ತಮ್ಮ ಅಂಗಡಿಯ ಹೆಸರು ಬರೆಯುತ್ತಿದ್ದರು. ಹೊಸ ಪಾತ್ರೆ ತಂದ ದಿನವೇ ಹೆಸರು ಹಾಕಿಸುವ ಹಾಗೆ. ಆ ಫಾಂಟುಗಳಲ್ಲಿ ಮುಕ್ಕಾಲು ಕದ್ದವೇ. ಇದೊಂದು ಕದ್ದದ್ದಾಗಿರಲಿಲ್ಲ. ಕೈ ತುಂಬ ಕೊಟ್ಟದ್ದನ್ನು ಬಸಣ್ಣ ರೂಢಿಯ ಬಲದಿಂದ ಕಳವು ಮಾಡಿಕೊಂಡಿದ್ದ.

ಮರುದಿನ ನಾನು ಈರಮ್ಮನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಒಬ್ಬಳೇ ಹೋಗುತ್ತೇನೆಂದೆ, ಅವಳು ಕೇಳಲಿಲ್ಲ. ಬಿಸಿಲಿಗೆ ಬಸ್ಸಿನ ತಗಡು ಮುಟ್ಟಲಾಗುತ್ತಿರಲಿಲ್ಲ. ಮಲ್ಲಿಕಾರ್ಜುನ ಮೂವತ್ತರ ಆಸುಪಾಸಿನವನು, ತೆಳ್ಳಗೆ, ಉಗುರಿನ ಸಂದಿಯಲ್ಲೆಲ್ಲ ಕೆಂಪು. ಓಬಳೇಶನ ಯಾರ್ಡಿನಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ. ಅದನ್ನು ಕೇಳಿದಾಗಲೇ ನನಗೆ ಅರ್ಧ ಅರ್ಥವಾಯಿತು: ಫೋಟೋ ಪೆಟ್ಟಿಗೆಯಲ್ಲಿ ಉಳಿದದ್ದು ಓಬಳೇಶನಿಗೆ ಹೇಗೋ ತಿಳಿದಿತ್ತು, ಅದನ್ನು ಎತ್ತಿಸಲು ಅವನಿಗೊಂದು ದೂರು ಬೇಕಿತ್ತು.

"ಕಾಟಾದ ರೂಮಿನಾಗ ಯಾರೋ ನಿಮ್ಮ ಸೈಟ್ ತಗದು ಓಬಳೇಶಪ್ಪಗ ತೋರಸಾಕತ್ತಿದ್ರು," ಅವನು ಹೇಳಿದ. "ನಾ ಹಿಂದ ನಿಂತಿದ್ದೆ. ಸುದ್ದಿ ಏನಂತ ನೋಡ್ಲೇ ಇಲ್ಲ. ಅಕ್ಷರ ನೋಡಿದೆ. ನನ್ನವು. ಖುಷಿಗೆ ಬಾಯಿಬಿಟ್ಟೆ, ಇವು ನಾ ಮಾಡಿದ್ದು ಅಂತ. ಆಮ್ಯಾಲ ಒಳಗ ತಗದು ನೋಡಿದ್ರ ನನ್ನ ಹೆಸರು ಇಲ್ಲ. ಯಾರದೋ ಅಂಗಡಿ ಹೆಸರು."

"ಅದಕ್ಕ ದೂರು ಕೊಟ್ರಿ?"

"ಬರದವರು ಅವರು. ಸಹಿ ನಂದು." ಅವನು ನನ್ನನ್ನೇ ನೋಡಿದ. "ಒತ್ತಾಯ ಮಾಡಿದ್ರು ಅಂತ ಹೇಳಂಗಿಲ್ಲ ನಾ. ಸಿಟ್ಟು ಬಂದಿತ್ತು. ದಿನಾ ಡ್ಯೂಟಿ ಮುಗಿಸಿ ಬಂದು ಕುಂತು ಒಂದೊಂದು ಅಕ್ಷರ ತಿದ್ದೀನಿ. ರೊಕ್ಕ ಕೇಳಿಲ್ಲ. ಹೆಸರು ಒಂದು ಇರಲಿ ಅಂದಿದ್ದೆ. ಅದನ್ನೂ ಕಿತ್ತು ಒಗದ್ರಿ."

ಹೊಸ್ತಿಲ ಮೇಲೆ ಕೂತಿದ್ದ ಈರಮ್ಮ ಒಳಗೆ ಸರಿದಳು.

"ಯಪ್ಪಾ, ನನಗ ಅಕ್ಷರ ಬರಂಗಿಲ್ಲ," ಅಂದಳು. "ಆ ಡಬ್ಬಿಯಾಗ ನನ್ನ ಮಗಳನ್ನ ಕೊಂದ ಗಾಡಿ ಐತಂತ. ನಿನ್ನ ಹೆಸರು ತಗದಾವಗ ನೀ ಏನರ ಮಾಡು. ಡಬ್ಬಿ ಬಿಡಸಿ ಕೊಡು."

ಮಲ್ಲಿಕಾರ್ಜುನನಿಗೆ ಆ ವಿಷಯ ಗೊತ್ತಿರಲಿಲ್ಲ. ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡ. ಕೊನೆಗೆ, "ಹೆಸರು ತಗದಾವ ನನ್ನ ಮುಂದ ಬಂದು ನಿಂದ್ರಲಿ. ಆಮ್ಯಾಲ ನೋಡೂಣು," ಅಂದ.

ಬಸಣ್ಣನನ್ನು ಹೊರಡಿಸುವುದು ಸುಲಭವಿರಲಿಲ್ಲ. "ಊರೆಲ್ಲಾ ಮಾಡ್ತಾರ, ನಾ ಒಬ್ಬನ ಸಿಗಬೇಕಾ?" ಎಂದು ಕೂಗಾಡಿದ. ಆದರೂ ಭಾನುವಾರ ಬಂದ. ಮಲ್ಲಿಕಾರ್ಜುನ ಬಾಗಿಲಲ್ಲೇ ನಿಂತು ಅವನ ಪಟ್ಟಿ ಕಟ್ಟಿದ ಕೈ ನೋಡಿದ. ಬೆರಳುಗಳಿರಬೇಕಾದ ಜಾಗ ದಪ್ಪಗೆ ಒಂದೇ ಗಡ್ಡೆಯಾಗಿತ್ತು.

"ಯಾಕ ತಗದ್ರಿ?"

"ರೂಢಿ ಬಿದ್ದಿತ್ತು," ಅಂದ ಬಸಣ್ಣ. "ಕದ್ದವಕ್ಕೆಲ್ಲಾ ಹಂಗ ಮಾಡ್ತೀವಿ. ನಿಂದು ಕದ್ದಿದ್ದಲ್ಲ ಅನ್ನೂದು ಲಕ್ಷಕ್ಕ ಬರಲಿಲ್ಲ. ಓದಲಿಲ್ಲ ನಾನು. ನಾಕು ಸಾಲು ಇತ್ತು, ಓದಲಿಲ್ಲ."

"ನಾಕು ಸಾಲು ಬರಿಯಾಕ ನನಗ ನಾಕು ದಿನ ಹಿಡದಿತ್ತು," ಅಂದ ಮಲ್ಲಿಕಾರ್ಜುನ. "ಬೈಬೇಕಂತ ಮಾಡಿದ್ದೆ. ಈ ಕೈ ತಗೊಂಡು ಬಂದ್ರ ಹೆಂಗ ಬೈಲಿ?"

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ನಮ್ಮ ಹಿಂದೆಯೇ ಬಂದಿರಬೇಕು. ಅಂಗಡಿಗೆ ಬಂದಿದ್ದವರಲ್ಲಿ ಇಬ್ಬರು ಇಳಿದರು. ಪಾನಾದವನು ನೇರವಾಗಿ ಒಳಗೆ ಬಂದು, ಮಲ್ಲಿಕಾರ್ಜುನನ ಕಿವಿಯ ಮೇಲೆ ಬೀಸಿ ಹೊಡೆದ. ಅವನು ಗೋಡೆಗೆ ಬಡಿದು ಕೆಳಗೆ ಕೂತ. ಅವನ ತಾಯಿ ಒಳಗಿನಿಂದ ಓಡಿಬಂದಳು.

"ಉಂಡ ಮನಿಗಿ ಎರಡು ಬಗೀತಿ ಏನ್ಲೇ? ಸಾವ್ಕಾರನ ಕಾಟಾದ ಮ್ಯಾಲ ಕುಂತು ಇವರ ಕೂಡ ಚಹಾ ಕುಡೀತಿ?"

"ಚಹಾ ಇನ್ನಾ ಇಟ್ಟಿಲ್ಲಪ್ಪಾ," ಅಂದಳು ಅವನ ತಾಯಿ, ಮಗನ ತಲೆಯನ್ನು ಎದೆಗೆ ಒತ್ತಿಕೊಂಡು. "ಇಡತೀನಿ, ಕುಡದು ಹೋಗ್ರಿ."

ಪಾನಾದವನು ಆ ಮುದುಕಿಯನ್ನೇ ನೋಡುತ್ತ ನಿಂತ. ಆಮೇಲೆ ಕಾಲಿನಿಂದ ಮಲ್ಲಿಕಾರ್ಜುನನ ತೊಡೆಗೆ ಎರಡು ಸಲ ಒದ್ದು, ಅಂಗಳದಲ್ಲಿದ್ದ ಅವನ ಮೋಟರ್ ಸೈಕಲ್ಲನ್ನು ಜೀಪಿನಿಂದ ಗುದ್ದಿಸಿ ಗೋಡೆಗೆ ಅಪ್ಪಚ್ಚಿ ಮಾಡಿಸಿ ಹೋದ. ಮಲ್ಲಿಕಾರ್ಜುನನ ಕಿವಿಯಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅವನು ಅದನ್ನು ಅಂಗೈಯಿಂದ ಒರೆಸಿಕೊಂಡು, "ಯಾವ ಸ್ಟೇಷನ್ನು?" ಎಂದು ಕೇಳಿದ. ನಾನು ಹೇಳಿದೆ. "ಜ್ವಾರಾಗಿ ಹೇಳ್ರಿ, ಈ ಕಡಿಂದ ಕೇಳವಲ್ದು."

ಆ ಕಿವಿ ಅವನಿಗೆ ಮತ್ತೆ ಬರಲಿಲ್ಲ.

ಬಳ್ಳಾರಿಯ ಸ್ಟೇಷನ್ನಿನಲ್ಲಿ ಓಬಳೇಶನ ವಕೀಲ ಆಗಲೇ ಕೂತಿದ್ದ. ಇನ್ಸ್‌ಪೆಕ್ಟರು ಕಾಗದ ಮುಂದಿಟ್ಟುಕೊಂಡು, "ಅಕ್ಷರ ನಿಮ್ಮವೇ ಏನ್ರಿ?" ಎಂದರು.

"ನನ್ನವ ರೀ."

"ಇವರು ನಿಮ್ಮ ಹೆಸರು ಅಳಿಸಿದ್ದು ಖರೇನಾ?"

"ಖರೇ ರೀ. ತಪ್ಪು ಮಾಡ್ಯಾರ. ಇವತ್ತು ನಾನ ಅವರಿಗೆ ಇನ್ನೊಮ್ಮೆ ಕೊಟ್ಟೀನಿ. ಹೆಸರು ವಾಪಸ್ ಹಾಕಬೇಕು, ಕಾಗದ ಕೂಡ ಇಡಬೇಕು. ಬರದು ಸಹಿ ಮಾಡೀವಿ. ನನ್ನ ದೂರು ವಾಪಸ್ ತಗೋತೀನಿ."

ವಕೀಲ ಎದ್ದು ನಿಂತ. "ಸಾಹೇಬ್ರ, ಇಂವಗ ಯಾರೋ ಹೆದರ್ಸ್ಯಾರ. ಕಿವಿ ನೋಡ್ರಿ."

"ಹೌದ್ರಿ, ಹೆದರ್ಸ್ಯಾರ," ಅಂದ ಮಲ್ಲಿಕಾರ್ಜುನ. "ಅವರ ಹೆಸರೂ ಬರಕೋರಿ."

ಆ ಹೆಸರುಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ಪೆಟ್ಟಿಗೆ ಬಿಡಿಸಿಕೊಳ್ಳಲು ಕೋರ್ಟು, ಸ್ಟೇಷನ್ನು ಎಂದು ಹದಿನೈದು ದಿನ ತಿರುಗಿದೆವು. ಅಷ್ಟರಲ್ಲಿ ಮಲ್ಲಿಕಾರ್ಜುನನ ಕೆಲಸ ಹೋಗಿತ್ತು. ಪೆಟ್ಟಿಗೆ ಅಂಗಡಿಗೆ ಬಂದ ದಿನ ಮಧ್ಯಾಹ್ನ ಮೊದಲ ಮಳೆ ಹುಯ್ದು, ಬಿಳಿ ಬಟ್ಟೆ ಹೊರಗಿಟ್ಟರೆ ಕೆಂಪಾಗುವಂತೆ ನೀರು ಸುರಿಯಿತು. ಬಸಣ್ಣ ಎಡಗೈಯಿಂದ ಅರಗು ಕಿತ್ತ. ಫಾಂಟಿನೊಳಗೆ ಮಲ್ಲಿಕಾರ್ಜುನನ ಹೆಸರು ಬರೆಯಬೇಕೆಂದು ಕೀಲಿ ಒತ್ತತೊಡಗಿದ. ಒಂದೊಂದು ಅಕ್ಷರಕ್ಕೂ ಹುಡುಕಾಟ.

"ಅದು ಆಮ್ಯಾಲ ಮಾಡು," ಅಂದಳು ಈರಮ್ಮ. "ಗಾಡಿ ತೋರ್ಸು."

"ಇಲ್ಲ ಅಕ್ಕಾ, ಇದ ಮೊದ್ಲು," ಅಂದ ಬಸಣ್ಣ. ಮುಗಿಸಿದ ಮೇಲೆ ಫೋಟೋ ತೆರೆದ. ಹಾಗೇ ಇತ್ತು. ನಾನು ಐದು ನಕಲು ಮಾಡಿ ಐದು ಕಡೆ ಇಟ್ಟೆ. ಈರಮ್ಮ ಪರದೆಯ ಹತ್ತಿರ ಬಂದು, "ಇದರಾಗ ಅಕಿ ಎಲ್ಲದಾಳ?" ಎಂದು ಕೇಳಿದಳು. ಅವಳು ಅದರಲ್ಲಿ ಇರಲಿಲ್ಲ. ಲಾರಿಯ ಬೆನ್ನು ಮಾತ್ರ ಇತ್ತು. ಈರಮ್ಮ ನಂಬರನ್ನು ಗಟ್ಟಿಯಾಗಿ ಓದಲು ಹೇಳಿದಳು. ನಾನು ಓದಿದೆ, ಅವಳು ಹಿಂದಿನಿಂದ ಹೇಳಿದಳು. ತಪ್ಪಿದಳು, ಮತ್ತೆ ಓದಿಸಿದಳು. ಸಂಜೆಯ ಬಸ್ಸಿನಲ್ಲಿ ಕುರುಗೋಡಿನವರೆಗೂ ಅವಳ ತುಟಿ ಆಡುತ್ತಲೇ ಇತ್ತು.

ಆ ಫೋಟೋದಿಂದಲೇ ಕೇಸು ಬಿದ್ದುಹೋಗದೆ ಉಳಿಯಿತು. ವರ್ಷಗಟ್ಟಲೆ ಎಳೆದು, ಗಣಿಗಳು ಮುಚ್ಚಿದ ಮೇಲೆ, ಈರಮ್ಮನ ಕಡೆಗೆ ಆಯಿತು. ಆದರೆ ನನಗೆ ಆ ಬೇಸಿಗೆ ಮುಗಿಯುವುದು ಕೋರ್ಟಿನಲ್ಲಲ್ಲ, ಅದೇ ಸಂಜೆ, ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ.

ಬಸ್ಸಿಳಿದ ಈರಮ್ಮ ಮನೆಯ ಕಡೆಗೆ ತಿರುಗಲಿಲ್ಲ. ರಸ್ತೆಯ ಅಂಚಿಗೆ ನಿಂತಳು. ಮಳೆ ನಿಂತಿತ್ತು, ಲಾರಿಗಳು ಕೆಂಪು ನೀರು ಎರಚುತ್ತ ಒಂದರ ಹಿಂದೆ ಒಂದು ಬರುತ್ತಿದ್ದವು. "ಇದಾ?" ಅಂದಳು. ನಾನು ನಂಬರ್ ಓದಿ, "ಅಲ್ಲ ದೊಡ್ಡಮ್ಮ," ಅಂದೆ. ಮುಂದಿನದಕ್ಕೆ, "ಇದಾ?" "ಅಲ್ಲ." ಚಹಾದ ಅಂಗಡಿಯಲ್ಲಿದ್ದ ಗಂಡಸರು ನಮ್ಮ ಕಡೆ ತಿರುಗಿದರು. ಪಕ್ಕದ ಮನೆಯ ಚಾಚಾ ಬೆಂಚಿನಿಂದ ಎದ್ದರು. ಇನ್ನಿಬ್ಬರು ಎದ್ದರು. ಈರಮ್ಮನ ಎಡಗೈ ಸೆರಗಿನೊಳಗಿತ್ತು. ಸೆರಗು ಜಾರಿದಾಗ ನೋಡಿದೆ: ತೆಂಗಿನಕಾಯಿ ಗಾತ್ರದ ಕಲ್ಲು.

ಆರನೆಯದೋ ಏಳನೆಯದೋ ಲಾರಿ ನಮ್ಮ ಎದುರಿಗೇ ನಿಧಾನವಾಯಿತು. ಮೈಗೆಲ್ಲ ಹೊಸ ನೀಲಿ ಬಣ್ಣ ಹೊಡೆದಿದ್ದರು. ಮಳೆ ಮುಂದಿನ ಪ್ಲೇಟನ್ನು ಚೊಕ್ಕವಾಗಿ ತೊಳೆದಿತ್ತು. ಮಧ್ಯಾಹ್ನದಿಂದ ನಾನೇ ಓದಿ ಓದಿ ಹೇಳಿಕೊಟ್ಟ ನಂಬರು. ಡ್ರೈವರ್ ತಲೆ ಹೊರಹಾಕಿದ. ಅವನನ್ನು ನಾನು ಎಂದೂ ನೋಡಿರಲಿಲ್ಲ. ಅವನಿಗೆ ಈ ದಾರಿಯೂ ಹೊಸದಿರಬೇಕು.

"ಅಮ್ಮಾ, ಸಿರಿಗೇರಿಕಿ ಎಟು ಪೋವಾಲಿ?" ಎಂದು ತೆಲುಗಿನಲ್ಲಿ ದಾರಿ ಕೇಳಿದ.

ಈರಮ್ಮ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು. "ಇದಾ?"

ಹಿಂದೆ ಗಂಡಸರು ರಸ್ತೆಗೆ ಇಳಿದಿದ್ದರು.

"ಅಲ್ಲ," ಅಂದೆ.

ಅವಳು ಇನ್ನೊಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬಲಗೈ ಎತ್ತಿ ಅವನಿಗೆ ಸಿರಿಗೇರಿಯ ದಾರಿ ತೋರಿಸಿದಳು.